ಕೊಮರಂ ಭೀಮ್ ನಿಜವಾಗಿ ಇದ್ದನಾ? ಬಾಗೇಪಲ್ಲಿಯಿಂದ ಬಂದ ಪ್ರಶ್ನೆಗೆ ಉತ್ತರ

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ನಾವು ಬಾಗೇಪಲ್ಲಿ ಕಡೆಯವರು. ಮನೆಯಲ್ಲಿ ತೆಲುಗು, ಮಗಳ ಶಾಲೆಯಲ್ಲಿ ಕನ್ನಡ. ಹೋದ ವಾರ ಟೀವಿಯಲ್ಲಿ ಆರ್‌ಆರ್‌ಆರ್ ಸಿನಿಮಾ ಹಾಕಿದ್ದರು. ಮುಗಿದದ್ದೇ ತಡ, ಎಂಟನೇ ಕ್ಲಾಸಿನ ಮಗಳು ಹಿಡಿದುಕೊಂಡಳು. ಭೀಮ್ ಅನ್ನೋನು ನಿಜವಾಗಿ ಇದ್ದನಾ? ಹುಲಿ ಜೊತೆ ಸೆಣಸಿದ್ದು, ಬ್ರಿಟಿಷರ ಬಂಗಲೆಗೆ ನುಗ್ಗಿದ್ದು ನಡೆದದ್ದಾ? ಅವನೂ ರಾಮರಾಜುನೂ ಸ್ನೇಹಿತರಾ? ಪಕ್ಕದಲ್ಲಿ ಕೂತಿದ್ದ ನಮ್ಮ ಮಾವನವರು "ಅವನೂ ಒಂಥರಾ ನಕ್ಸಲೇ ಬಿಡು" ಅಂದುಬಿಟ್ಟರು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಸ್ವಲ್ಪ ವಿವರವಾಗಿ ಬರೆಯುತ್ತೀರಾ?

ಉತ್ತರ: ನಿಮ್ಮ ಮಗಳಿಗೆ ಮೊದಲು ಒಂದು ಮಾತು ಹೇಳಿಬಿಡಿ. ಭೀಮ್ ಇದ್ದ. ಕೊಮರಂ ಭೀಮ್ ಅಂತ ಪೂರ್ತಿ ಹೆಸರು. ಗೊಂಡ ಅನ್ನುವ ಆದಿವಾಸಿ ಸಮುದಾಯದವನು. ಕೊಮರಂ ಅನ್ನುವುದು ಮನೆತನದ ಹೆಸರು. ಹುಟ್ಟಿದ್ದು 1901ರ ಅಕ್ಟೋಬರ್ 22 ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಊರು ಸಂಕೇಪಲ್ಲಿ, ಆಸಿಫಾಬಾದ್ ಹತ್ತಿರ. ಆಗ ಅದು ಹೈದರಾಬಾದ್ ನಿಜಾಮರ ಸಂಸ್ಥಾನದ ಆದಿಲಾಬಾದ್ ಜಿಲ್ಲೆ. ಈಗ ತೆಲಂಗಾಣ. 2016ರಲ್ಲಿ ಹೊಸ ಜಿಲ್ಲೆಗಳನ್ನು ಮಾಡಿದಾಗ ಒಂದಕ್ಕೆ ಅವನ ಹೆಸರನ್ನೇ ಇಟ್ಟರು. ಬಸ್ಸಿನ ಬೋರ್ಡಿನಲ್ಲೂ ಈಗ ಅವನ ಹೆಸರೇ ಅಲ್ವಾ!

ಇನ್ನು ಬ್ರಿಟಿಷರ ವಿಷಯ. ಸಿನಿಮಾದಲ್ಲಿ ಎಲ್ಲರೂ ತಪ್ಪು ತಿಳಿದುಕೊಳ್ಳುವುದು ಇಲ್ಲೇ. ಭೀಮ್ ಎದುರು ನಿಂತದ್ದು ಬ್ರಿಟಿಷ್ ಗವರ್ನರ್‌ಗೆ ಅಲ್ಲ, ನಿಜಾಮರ ಆಡಳಿತಕ್ಕೆ. ನಿಜಾಮರ ತಲೆಯ ಮೇಲೆ ಬ್ರಿಟಿಷರು ಇದ್ದರು ನಿಜ. ಆದರೆ ಆಸಿಫಾಬಾದಿನ ಗುಡ್ಡದಲ್ಲಿ ಗೊಂಡರ ಕಣ್ಣಿಗೆ ಬೀಳುತ್ತಿದ್ದವರು ಫಾರೆಸ್ಟ್ ಗಾರ್ಡು, ಪಟವಾರಿ (ನಮ್ಮ ಶಾನುಭೋಗರ ಥರ), ಸಾಹುಕಾರ, ಪೊಲೀಸು. ಇಷ್ಟೇ ಜನ. ಡೆಲ್ಲಿ ಬಂಗಲೆ ಎಲ್ಲ ಸಿನಿಮಾದವರ ಕಲ್ಪನೆ. ಅದನ್ನು ಅವರೇ ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ. ಭೀಮ್, ರಾಮರಾಜು ಇಬ್ಬರ ಬದುಕಿನಲ್ಲೂ ಕೆಲವು ವರ್ಷ ಎಲ್ಲಿದ್ದರು ಅಂತ ಸರಿಯಾಗಿ ತಿಳಿಯದ ಕಾಲ ಇದೆ. ಆ ಖಾಲಿ ಜಾಗದಲ್ಲಿ ಕಥೆ ಕಟ್ಟಿದರು, ಅಷ್ಟೇ.

ಅಲ್ಲೂರಿ ಸೀತಾರಾಮರಾಜು ಕೂಡ ನಿಜವಾಗಿ ಇದ್ದವರೇ. ಆದರೆ ಪೊಲೀಸ್ ಆಫೀಸರ್ ಅಲ್ಲ, ಕಾವಿ ಉಟ್ಟ ಸನ್ಯಾಸಿ. ಗೋದಾವರಿ–ವಿಶಾಖಪಟ್ಟಣದ ಏಜೆನ್ಸಿ ಕಾಡಿನಲ್ಲಿ, ಅಂದರೆ ಆದಿವಾಸಿಗಳ ಗುಡ್ಡಗಾಡು ಸೀಮೆಯಲ್ಲಿ, ಕೋಯ ಜನರನ್ನು ಕಟ್ಟಿಕೊಂಡು 1922ರ ಆಗಸ್ಟ್‌ನಲ್ಲಿ ಎದ್ದರು. ಅದು ಮದ್ರಾಸ್ ಪ್ರಾಂತ್ಯ. ಅಲ್ಲಿ ಬ್ರಿಟಿಷರದ್ದೇ ನೇರ ಆಳ್ವಿಕೆ. ಚಿಂತಪಲ್ಲಿ, ಕೃಷ್ಣದೇವಿಪೇಟ, ರಾಜವೊಮ್ಮಂಗಿ, ಮೂರು ದಿನಕ್ಕೆ ಮೂರು ಪೊಲೀಸ್ ಠಾಣೆ. ಬಂದೂಕು ಎತ್ತಿಕೊಂಡು, ಏನೇನು ತೆಗೆದುಕೊಂಡೆವು ಅಂತ ಬರೆದಿಟ್ಟು ಹೋಗುತ್ತಿದ್ದರಂತೆ. ಸುಮಾರು ಎರಡು ವರ್ಷ ಸರ್ಕಾರವನ್ನು ಕಾಡೆಲ್ಲ ಅಲೆಸಿದರು. 1924ರ ಮೇ 7ರಂದು ಕೊಯ್ಯೂರಿನಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಭೀಮ್ ಬಂದೂಕು ಹಿಡಿದದ್ದು ಅದಾಗಿ ಹದಿನೈದು ವರ್ಷದ ಮೇಲೆ. ಇಬ್ಬರೂ ಭೇಟಿಯಾದರು ಅನ್ನುವುದಕ್ಕೆ ಯಾವ ದಾಖಲೆಯೂ ಇಲ್ಲ. ರಾಮರಾಜು ಕಥೆ ಕೇಳಿ ಭೀಮ್‌ಗೆ ಹುಮ್ಮಸ್ಸು ಬಂತು ಅಂತ ಆ ಕಡೆ ಹೇಳುವವರಿದ್ದಾರೆ. ಇರಬಹುದು.

ಸರಿ, ಈಗ ಅಸಲು ಕಥೆಗೆ ಬರೋಣ.

ಗೊಂಡರು ಅಂದರೆ ಸೊಪ್ಪು ಸುತ್ತಿಕೊಂಡು ಗವಿಯಲ್ಲಿ ಇದ್ದವರು ಅಂತ ಸಿನಿಮಾ ನೋಡಿ ಅಂದುಕೊಳ್ಳಬೇಡಿ. ಅವರಿಗೆ ರಾಜರಿದ್ದರು, ಕೋಟೆಗಳಿದ್ದವು. ಪಕ್ಕದ ಚಾಂದಾವನ್ನು, ಅಂದರೆ ಈಗಿನ ಚಂದ್ರಪುರವನ್ನು, 1751ರ ತನಕ ಗೊಂಡ ರಾಜರೇ ಆಳಿದರು. ಭಾಷೆಯೂ ನಮ್ಮ ಬಳಗದ್ದೇ. ಗೊಂಡಿ ದ್ರಾವಿಡ ಭಾಷೆ. ಕಣ್ಣಿಗೆ ಕಣ್, ಕೈಗೆ ಕೈ ಅಂತಲೇ ಅನ್ನುತ್ತಾರೆ. ಕನ್ನಡ, ತೆಲುಗು ಎರಡೂ ಬರುವ ನಿಮ್ಮ ಮಗಳಿಗೆ ಇದು ಕೇಳಿದರೆ ಖುಷಿಯಾಗುತ್ತದೆ. ನಮಗೆ ರಾಗಿ ಹೇಗೋ ಅವರಿಗೆ ಜೋಳ ಹಾಗೆ. ಎತ್ತು ಕಟ್ಟಿ ಉಳುವ ಒಕ್ಕಲು ಜನ.

ಜಗಳ ಶುರುವಾದದ್ದು ಆ ಉಳುಮೆಯಲ್ಲೇ. ಗುಡ್ಡದ ಮೇಲಿನ ತೆಳು ಮಣ್ಣಿನಲ್ಲಿ ಕೆಲವು ವರ್ಷ ಬೆಳೆ ತೆಗೆಯುತ್ತಿದ್ದರು. ಆಮೇಲೆ ಆ ಹೊಲವನ್ನು ಬೀಳು ಬಿಟ್ಟು ಪಕ್ಕದ ಹೊಲಕ್ಕೆ ಹೋಗುತ್ತಿದ್ದರು. ಮಣ್ಣು ಸುಧಾರಿಸಿಕೊಂಡ ಮೇಲೆ ಮತ್ತೆ ಇಲ್ಲಿಗೆ. ಬೀಳು ಬಿಟ್ಟ ಹೊಲದಲ್ಲಿ ಗಿಡ ಬೆಳೆಯುತ್ತದೆ, ಅಲ್ವಾ? ನಿಜಾಮರ ಅರಣ್ಯ ಇಲಾಖೆಯವರು ಬಂದು ರಿಸರ್ವ್ ಗೆರೆ ಎಳೆದರು. ಗಿಡ ಕಂಡ ಜಾಗವೆಲ್ಲ ಅವರ ಕಣ್ಣಿಗೆ ಕಾಡು. ಮೂರು ವರ್ಷದ ಹಿಂದೆ ಜೋಳ ಬೆಳೆದ ಹೊಲ ಸರ್ಕಾರಿ ಅರಣ್ಯವಾಯಿತು. ಹೊಲದ ಯಜಮಾನ ಒತ್ತುವರಿದಾರನಾದ. ಎಷ್ಟೋ ಕಡೆ ಊರಿಗೆ ಊರೇ ಗೆರೆಯ ಒಳಗೆ ಸಿಕ್ಕಿಹಾಕಿಕೊಂಡಿತು. ದನ ಮೇಯಿಸಿದರೂ ತೆರಿಗೆ, ಸೌದೆ ತಂದರೂ ತೆರಿಗೆ.

ಇನ್ನೊಂದು ಕಡೆಯಿಂದಲೂ ಏಟು ಬಿತ್ತು. 1929ರಲ್ಲಿ ಕಾಜಿಪೇಟೆಯಿಂದ ಬಲ್ಹಾರ್ಶಾಗೆ ರೈಲು ದಾರಿ ಪೂರ್ತಿಯಾಯಿತು. ಮದ್ರಾಸಿಂದ ಡೆಲ್ಲಿಗೆ ಈಗ ಹೋಗುವ ಮುಖ್ಯ ಲೈನು ಅದೇ. ರೈಲು ಬಂದರೆ ವ್ಯಾಪಾರಿಗಳು ಬರುತ್ತಾರೆ, ಲೇವಾದೇವಿಯವರು ಬರುತ್ತಾರೆ, ಒಳ್ಳೆಯ ಕಪ್ಪು ಮಣ್ಣು ಹುಡುಕಿಕೊಂಡು ಬಯಲುಸೀಮೆಯ ರೈತರು ಬರುತ್ತಾರೆ. ಅವರಿಗೆ ಆಫೀಸು ಗೊತ್ತು, ಗುಮಾಸ್ತರು ಗೊತ್ತು. ಪಟ್ಟಾ ಅವರ ಹೆಸರಿಗೆ ಆಯಿತು. ತಲೆತಲಾಂತರದಿಂದ ಉಳುತ್ತಿದ್ದ ಗೊಂಡ ತನ್ನ ಹೊಲದಲ್ಲೇ ಕೂಲಿಯಾದ.

ಇದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾದ ವಿಷಯವೇ ಅಲ್ಲ. ನಮ್ಮ ದೊಡ್ಡಪ್ಪ ಒಬ್ಬರಿದ್ದರು. ಗುಡ್ಡದ ಪಕ್ಕ ಒಂದೂವರೆ ಎಕರೆ ಬಗರ್ ಹುಕುಂ ಜಮೀನು. ಮುಂಗಾರಲ್ಲಿ ರಾಗಿ, ಅದರೊಳಗೆ ಅವರೆ ಸಾಲು. ಸಾಗುವಳಿ ಚೀಟಿಗಾಗಿ ಅವರು ಒಂದು ನೀಲಿ ಪ್ಲಾಸ್ಟಿಕ್ ಕವರ್ ಇಟ್ಟುಕೊಂಡಿದ್ದರು. ಅದರಲ್ಲಿ ದಂಡ ಕಟ್ಟಿದ ರಸೀದಿ, ಫಾರಂ 50, ಫಾರಂ 53, ಎರಡು ಪಾಸ್‌ಪೋರ್ಟ್ ಸೈಜ್ ಫೋಟೋ. ಮೊದಲ ಅರ್ಜಿಯ ಫೋಟೋದಲ್ಲಿ ಅವರ ಮೀಸೆ ಕಪ್ಪು, ಎರಡನೆಯದರಲ್ಲಿ ಪೂರ್ತಿ ಬಿಳಿ. ಒಂದು ಸಲ ಜೊತೆಗೆ ನಾನೂ ಹೋಗಿದ್ದೆ. ಕೌಂಟರಿನಲ್ಲಿದ್ದವರು ತಲೆ ಎತ್ತದೆ "ಇದು ಫಾರೆಸ್ಟ್ ಲಿಸ್ಟಲ್ಲಿದೆ, ಆಗಲ್ಲ" ಅಂದರು. ದೊಡ್ಡಪ್ಪ ಕವರ್ ಮಡಚಿ ಕಂಕುಳಲ್ಲಿ ಇಟ್ಟುಕೊಂಡು "ಬಾರಪ್ಪ, ಟೀ ಕುಡಿಯೋಣ" ಅಂದರು. ಬೈಯಲೂ ಇಲ್ಲ. ಬಗರ್ ಹುಕುಂ ಅಂದರೆ ಹುಕುಂ ಇಲ್ಲದ್ದು, ಅಪ್ಪಣೆ ಇಲ್ಲದ ಸಾಗುವಳಿ. ಪಟ್ಟಾ, ತಕರಾರು, ಜಮಾಬಂದಿ, ಇವೆಲ್ಲ ನಿಜಾಮರ ಕಚೇರಿಯಲ್ಲಿ ನಡೆಯುತ್ತಿದ್ದ ಮಾತುಗಳೇ. ನಮ್ಮ ತಾಲ್ಲೂಕು ಕಚೇರಿಯಲ್ಲಿ ಇವತ್ತಿಗೂ ಅವೇ ಓಡುತ್ತಿವೆ. ಭೀಮ್ ಕಥೆ ಓದುವಾಗ ನನಗೆ ಹುಲಿ ಕಣ್ಣಿಗೆ ಬರುವುದಿಲ್ಲ, ಆ ನೀಲಿ ಕವರ್ ಬರುತ್ತದೆ.

ಭೀಮ್ ಕೈಯಲ್ಲೂ ಮೊದಲು ಇದ್ದದ್ದು ಕಾಗದವೇ. ಅದಕ್ಕೆ ಮುಂಚಿನ ಬದುಕನ್ನು ಜನ ಹೇಳುವಂತೆ ಚುಟುಕಾಗಿ ಹೇಳುತ್ತೇನೆ. ಹುಡುಗನಾಗಿದ್ದಾಗ ಅಪ್ಪನನ್ನು ಅರಣ್ಯದವರ ಜೊತೆಗಿನ ಜಗಳದಲ್ಲಿ ಕಳೆದುಕೊಂಡ. ಮನೆಯವರು ಬೇರೆ ಊರಿಗೆ ಹೋದರು. ಅಲ್ಲಿ ಬೆಳೆದು ನಿಂತ ಫಸಲನ್ನು ಜಮೀನ್ದಾರನೊಬ್ಬ ಎತ್ತಿಕೊಳ್ಳಲು ಬಂದ. ಭೀಮ್ ಸಿಟ್ಟಿನಲ್ಲಿ ಹೊಡೆದ ಏಟಿಗೆ ಅವನು ಸತ್ತ. ಅಲ್ಲಿಂದ ಓಡಿದವನು ಚಾಂದಾ ಸೇರಿ ಛಾಪಖಾನೆಯವರೊಬ್ಬರ ಹತ್ತಿರ ಕೆಲಸ ಮಾಡಿದ, ಅಕ್ಷರ ಕಲಿತ. ಆಮೇಲೆ ಅಸ್ಸಾಮಿನ ಟೀ ತೋಟ. ಅಲ್ಲೂ ಕೂಲಿಗಳ ಪರವಾಗಿ ನಿಂತು ಜೈಲು ಕಂಡ, ತಪ್ಪಿಸಿಕೊಂಡು ಊರಿಗೆ ಬಂದ. ಇದರಲ್ಲಿ ಎಷ್ಟು ಇತಿಹಾಸ, ಎಷ್ಟು ಜನರ ಪ್ರೀತಿ ಅಂತ ತಕ್ಕಡಿ ಹಿಡಿಯುವುದು ಕಷ್ಟ. ಆದರೆ ಅಕ್ಷರ ಕಲಿತು ಬಂದ ಅನ್ನುವ ತುಂಡನ್ನು ಜನ ಎಂದೂ ಬಿಟ್ಟು ಹೇಳುವುದಿಲ್ಲ. ಅದನ್ನು ಗಮನಿಸಿ. ನಾಲ್ಕು ಜನರ ಪರವಾಗಿ ಅರ್ಜಿ ಬರೆಯಬಲ್ಲವನು ಊರಿಗೆ ಎಷ್ಟು ದೊಡ್ಡ ಆಸ್ತಿ ಅನ್ನುವುದು ಹಳ್ಳಿಯವರಿಗೆ ಗೊತ್ತು.

ವಾಪಸ್ ಬಂದು ಬಾಬೇಝರಿ, ಜೋಡೇಘಾಟ್ ಕಡೆ ಕಾಡು ಕಡಿದು ಹೊಲ ಮಾಡಿದರು. ಗೊಂಡರ ಜೊತೆ ಕೋಲಾಮರು ಅನ್ನುವ ಇನ್ನೊಂದು ಆದಿವಾಸಿ ಜನರೂ ಇದ್ದರು. ಫಾರೆಸ್ಟಿನವರು ಬಂದರು, ಎಬ್ಬಿಸಿದರು, ಗುಡಿಸಲು ಸುಟ್ಟರು. ಮತ್ತೆ ಕಟ್ಟಿದರು, ಮತ್ತೆ ಎಬ್ಬಿಸಿದರು. ಭೀಮ್ ಅರ್ಜಿ ಹಿಡಿದು ಹೈದರಾಬಾದಿಗೂ ಹೋಗಿ ಬಂದ. ಆ ಕಾಲದಲ್ಲಿ, ಆ ಗುಡ್ಡದಿಂದ, ರಾಜಧಾನಿಗೆ! ಕೆಲಸ ಆಗಲಿಲ್ಲ. ಮೇಲಿನವರು ಏನೇ ಅಂದರೂ ಕೆಳಗಿನವರು ಬಗ್ಗಲಿಲ್ಲ. ಇದೂ ನಮಗೆ ಹೊಸದೇನಲ್ಲ ಬಿಡಿ.

ಅಷ್ಟಾದ ಮೇಲೆ ಜೋಡೇಘಾಟ್ ಗುಡ್ಡದ ಮೇಲೆ ನೆಲೆ ನಿಂತರು. ಸುತ್ತಲಿನ ಹನ್ನೆರಡು ಹಳ್ಳಿ ಒಟ್ಟಾದವು ಅಂತ ಹೇಳುತ್ತಾರೆ. ಕೈಯಲ್ಲಿ ಇದ್ದದ್ದು ಕೊಡಲಿ, ಕುಡುಗೋಲು, ಕೆಲವು ನಾಡ ಬಂದೂಕು. ಸರ್ಕಾರ ಮಾತುಕತೆಗೆ ಬಂತು. ಪಟ್ಟಾ ಕೊಡುತ್ತೇವೆ ಅಂದರಂತೆ. ಆದರೆ ಭೀಮ್ ಅಷ್ಟಕ್ಕೆ ಒಪ್ಪಲಿಲ್ಲ. ನಮ್ಮ ಹಳ್ಳಿಗಳನ್ನು ನಾವೇ ನೋಡಿಕೊಳ್ಳುತ್ತೇವೆ ಅಂದ. ಜಲ್, ಜಂಗಲ್, ಜಮೀನ್, ಅಂದರೆ ನೀರು, ಕಾಡು, ನೆಲ ನಮ್ಮದು ಅನ್ನುವ ಕೂಗು ಅವನದೇ ಅಂತ ಇವತ್ತು ದೇಶದಲ್ಲೆಲ್ಲ ಹೇಳುತ್ತಾರೆ. 1940ರಲ್ಲಿ ಪೊಲೀಸರು ರಾತ್ರಿ ಗುಡ್ಡ ಹತ್ತಿದರು. ಗುಂಡು ಹಾರಿತು. ಭೀಮ್ ಮತ್ತು ಅವನ ಜೊತೆಗಾರರು ಅಲ್ಲೇ ಸತ್ತರು. ಒಳಗಿನವನೇ ಒಬ್ಬ ದಾರಿ ತೋರಿಸಿದ ಅಂತ ಜನ ಹೇಳುತ್ತಾರೆ. ನಮ್ಮ ಸಂಗೊಳ್ಳಿ ರಾಯಣ್ಣನ ಕಥೆಯಲ್ಲೂ ಒಳಗಿನವರ ಮೋಸ ಬರುತ್ತದಲ್ಲ, ಅದೇ ಥರ. ಇನ್ನೊಂದು ಮಾತೂ ಇದೆ: ಭೀಮ್‌ಗೆ ಮಂತ್ರ ಬರುತ್ತಿತ್ತು, ಸತ್ತರೂ ಎದ್ದು ಬರುತ್ತಾನೆ ಅಂತ ಪೊಲೀಸರಿಗೇ ಹೆದರಿಕೆ ಇತ್ತಂತೆ. ಅದಕ್ಕೇ ಸತ್ತ ಮೇಲೂ ಗುಂಡು ಹೊಡೆದರಂತೆ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದಿದ್ದರೂ ಇಲ್ಲಿ ಒಂದು ಮಾತು. ಭೀಮ್‌ನನ್ನು ಗೆರಿಲ್ಲಾ ನಾಯಕ ಅಂತ ಎಲ್ಲರೂ ಬರೆಯುತ್ತಾರೆ. ನನಗೆ ಆ ಮಾತು ಸ್ವಲ್ಪ ಜಾಸ್ತಿ ಆಯಿತು ಅನ್ನಿಸುತ್ತದೆ. ಹೊಡೆದು ಮಾಯವಾಗುವುದು, ಠಾಣೆಗೆ ನುಗ್ಗುವುದು, ಊರೂರು ಬದಲಿಸುವುದು ರಾಮರಾಜು ಮಾಡಿದ್ದು. ರಾಯಣ್ಣ ಮಾಡಿದ್ದು. ಭೀಮ್ ಮುಖ್ಯವಾಗಿ ಮಾಡಿದ್ದು ಜಾಗ ಬಿಟ್ಟು ಕದಲದೆ ನಿಂತದ್ದು. ಎಬ್ಬಿಸಿದ ಜಾಗಕ್ಕೆ ಮತ್ತೆ ಬಂದು ಕೂತದ್ದು. ಗೆರಿಲ್ಲಾ ಅಂದರೆ ಇದಕ್ಕಿಂತ ದೊಡ್ಡದು ಅಂತ ನಮಗೆ ಯಾಕೆ ಅನ್ನಿಸಬೇಕೋ ಕಾಣೆ.

ಅವನು ಸತ್ತ ದಿನದ ಬಗ್ಗೆಯೂ ಒಂದು ಸ್ವಾರಸ್ಯ ಇದೆ. ಕೆಲವು ಪುಸ್ತಕಗಳು 1940ರ ಸೆಪ್ಟೆಂಬರ್ 1 ಅನ್ನುತ್ತವೆ, ಕೆಲವು ಅಕ್ಟೋಬರ್ 27. ಗೊಂಡರನ್ನು ಕೇಳಿದರೆ ತಾರೀಖೇ ಹೇಳುವುದಿಲ್ಲ. ಆಶ್ವಯುಜ ಹುಣ್ಣಿಮೆ ಅನ್ನುತ್ತಾರೆ. ಜೋಡೇಘಾಟಿನಲ್ಲಿ ವರ್ಷಾವರ್ಷ ಸೇರುವುದೂ ಅವತ್ತೇ. ನಾನು ಸುಮ್ನೆ ಕುತೂಹಲಕ್ಕೆ ಲೆಕ್ಕ ಹಾಕಿ ನೋಡಿದೆ. ಆ ವರ್ಷ ಸೆಪ್ಟೆಂಬರ್ 1 ಹುಣ್ಣಿಮೆ ಇರಲಿ, ಹೆಚ್ಚುಕಡಿಮೆ ಅಮಾವಾಸ್ಯೆ. ಅಕ್ಟೋಬರ್ 27ಕ್ಕೆ ದೀಪಾವಳಿ ಹತ್ತಿರ, ಅದೂ ಕತ್ತಲೆಯ ಪಕ್ಷ. ಆಶ್ವಯುಜ ಹುಣ್ಣಿಮೆ ಬಿದ್ದದ್ದು ಅಕ್ಟೋಬರ್ 16ರ ಹೊತ್ತಿಗೆ. ಅಚ್ಚಾದ ಎರಡು ತಾರೀಖಿಗೂ ಜನರ ನೆನಪಿಗೂ ತಾಳೆ ಇಲ್ಲ. ನನ್ನನ್ನು ಕೇಳಿದರೆ ಜನರ ಕಡೆ ವಾಲುತ್ತೇನೆ. ಬೆಳದಿಂಗಳಲ್ಲಿ ಪೊಲೀಸರು ಗುಡ್ಡ ಹತ್ತಿದ್ದನ್ನು ಕಂಡವರು ತಾರೀಖು ಮರೆತರೂ ಬೆಳದಿಂಗಳನ್ನು ಮರೆಯುವುದಿಲ್ಲ. ಅಂದ ಹಾಗೆ ನಮ್ಮಲ್ಲಿ ಶೀಗೆ ಹುಣ್ಣಿಮೆ, ಭೂಮಿ ಹುಣ್ಣಿಮೆ ಅನ್ನುವುದೂ ಅದೇ ದಿನವನ್ನೇ. ಮಲೆನಾಡಿನವರು ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆ ಇಡುವ ದಿನ.

ಸತ್ತ ಮೇಲೆ ಏನಾಯಿತು ಅನ್ನುವುದು ಸಿನಿಮಾದಲ್ಲಿ ಬರುವುದೇ ಇಲ್ಲ. ನನಗೆ ಹೆಚ್ಚು ಇಷ್ಟವಾದ ಭಾಗ ಅದೇ. ಕ್ರಿಸ್ಟೋಫ್ ಫೊನ್ ಫ್ಯೂರರ್ ಹೈಮೆಂಡಾರ್ಫ್ ಅಂತ ಒಬ್ಬರು ಆಸ್ಟ್ರಿಯಾದ ಮಾನವಶಾಸ್ತ್ರಜ್ಞರು. ಎರಡನೇ ಮಹಾಯುದ್ಧ ಶುರುವಾದಾಗ ಶತ್ರು ದೇಶದ ಪ್ರಜೆ ಅಂತ ಅವರನ್ನು ಹೈದರಾಬಾದ್ ಸಂಸ್ಥಾನದ ಒಳಗೇ ಇರಿಸಿದರು. ಭೀಮ್ ಸತ್ತ ಮೇಲೆ ಗೊಂಡರು ಯಾಕೆ ಹೀಗೆ ಎದ್ದರು ಅಂತ ತಿಳಿದು ಹೇಳಿ ಅಂತ ಸರ್ಕಾರ ಅವರನ್ನು ಕೇಳಿತು. ಅವರು ಹೆಂಡತಿ ಬೆಟ್ಟಿ ಜೊತೆ ಮಾರ್ಲವಾಯಿ ಅನ್ನುವ ಹಳ್ಳಿಗೆ ಹೋಗಿ ಗುಡಿಸಲು ಕಟ್ಟಿಕೊಂಡು ಕೂತರು. ರಿಸರ್ವ್ ಗೆರೆ ಹೇಗೆ ಎಳೆದರು, ಬೀಳು ಹೊಲ ಹೇಗೆ ಕಾಡಾಯಿತು ಅಂತ ನಾನು ಮೇಲೆ ಹೇಳಿದ್ದೆಲ್ಲ ಮುಖ್ಯವಾಗಿ ಅವರು ಬರೆದಿಟ್ಟಿದ್ದರಿಂದಲೇ ನಮಗೆ ಸಿಕ್ಕಿದ್ದು. 1943ರಲ್ಲಿ ಅಲ್ಲೇ ಗೊಂಡಿಯಲ್ಲಿ ಪಾಠ ಹೇಳುವ ಶಾಲೆ ಶುರುವಾಯಿತು. ಸಾವಿರಾರು ಗೊಂಡ, ಕೋಲಾಮ ಕುಟುಂಬಗಳಿಗೆ ಪಟ್ಟಾ ಸಿಕ್ಕಿತು. ಭೀಮ್ ಬದುಕಿದ್ದಾಗ ಸಿಗದ ಕಾಗದ ಅವನು ಸತ್ತ ಮೇಲೆ ಊರವರ ಕೈಗೆ ಬಂತು. ಬೆಟ್ಟಿ 1987ರಲ್ಲಿ ತೀರಿಕೊಂಡರು. ಅವರ ಸಮಾಧಿ ಇರುವುದು ಮಾರ್ಲವಾಯಿಯಲ್ಲೇ.

ಅಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಪಟ್ಟಾ ಸಿಕ್ಕ ಜಮೀನು ಎಷ್ಟೋ ಮತ್ತೆ ಕೈಬಿಟ್ಟಿತು. 1981ರ ಏಪ್ರಿಲ್ 20ರಂದು ಅದೇ ಜಿಲ್ಲೆಯ ಇಂದ್ರವೆಲ್ಲಿಯಲ್ಲಿ ಭೂಮಿಗಾಗಿ ಸಭೆ ಸೇರಿದ್ದ ಗೊಂಡರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸರ್ಕಾರ ಹೇಳಿದ ಲೆಕ್ಕ 13, ಜನ ಹೇಳುವ ಲೆಕ್ಕ ಅದಕ್ಕಿಂತ ಬಹಳ ಜಾಸ್ತಿ. ನಮ್ಮ ವಿದುರಾಶ್ವತ್ಥ ಗೊತ್ತಲ್ಲ, ಗೌರಿಬಿದನೂರಿನ ಹತ್ತಿರ, 1938ರ ಏಪ್ರಿಲ್ 25, ಅಲ್ಲೂ ಸಭೆ ಸೇರಿದವರ ಮೇಲೆ ಪೊಲೀಸರ ಗುಂಡು. ಸತ್ತವರ ಲೆಕ್ಕ ಅಲ್ಲೂ ಒಂದಕ್ಕೊಂದು ಕೂಡುವುದಿಲ್ಲ.

ಈಗ ನಿಮ್ಮ ಮಾವನವರ ಮಾತು. ಅವರ ಮೇಲೆ ಸಿಟ್ಟಾಗಬೇಡಿ. ನಮ್ಮ ಕಡೆಯ ಹಿರಿಯರಿಗೆ ಕಾಡು, ಬಂದೂಕು ಅಂದ ಕೂಡಲೇ 2005ರಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಪೊಲೀಸ್ ಕ್ಯಾಂಪಿನ ಮೇಲೆ ನಕ್ಸಲರು ಮಾಡಿದ ದಾಳಿ ನೆನಪಾಗುತ್ತದೆ. ಅದು ಸಹಜ. ಆದರೆ ನಕ್ಸಲ್ ಅನ್ನುವ ಹೆಸರು ಹುಟ್ಟಿದ್ದೇ 1967ರಲ್ಲಿ, ಬಂಗಾಳದ ನಕ್ಸಲ್‌ಬಾರಿಯಿಂದ. ಭೀಮ್ ಸತ್ತು 27 ವರ್ಷ ಆದ ಮೇಲೆ. ಅವನಿಗೆ ಪಾರ್ಟಿ ಇರಲಿಲ್ಲ, ಕೆಂಪು ಪುಸ್ತಕ ಇರಲಿಲ್ಲ. ಆಮೇಲೆ ಬಂದವರು ಅವನ ಹೆಸರನ್ನು ತಮ್ಮ ಗೋಡೆ ಮೇಲೆ ಬರೆದುಕೊಂಡರು. ಎಡದವರು ಬರೆದರು, ಪ್ರತ್ಯೇಕ ತೆಲಂಗಾಣದ ಹೋರಾಟಗಾರರು ಬರೆದರು. ಇನ್ನು ಕೆಲವರು ನಿಜಾಮರ ವಿರುದ್ಧ ನಿಂತ ಅನ್ನುವ ಒಂದೇ ಮಾತು ಹಿಡಿದು ಇದು ಹಿಂದೂ–ಮುಸ್ಲಿಂ ಜಗಳ ಅಂತ ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಗೊಂಡರ ಜಮೀನು ಹೊಡೆದವರಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದ ಸಾಹುಕಾರರೂ ಇದ್ದರು. ಫಾರೆಸ್ಟ್ ಗಾರ್ಡಿನ ಕೋಲಿಗೆ ಧರ್ಮ ಇರಲಿಲ್ಲ.

ಹಾಗಾದರೆ ಭೀಮ್ ಕಥೆ ಜನಪದದಲ್ಲಿ ಉಳಿದದ್ದು ಹೇಗೆ? ಗೊಂಡರಿಗೆ ಪ್ರಧಾನರು ಅಂತ ಹಾಡುಗಾರರಿದ್ದಾರೆ. ಕಿಂಗ್ರಿ ಅನ್ನುವ ತಂತಿವಾದ್ಯ ಹಿಡಿದು ವಂಶದ ಕಥೆ, ದೇವರ ಕಥೆ ಹಾಡುತ್ತಾರೆ. ನಮ್ಮ ಕಡೆಯ ಕಿನ್ನರಿ ಜೋಗಿಗಳ ಥರ ಅಂದುಕೊಳ್ಳಿ. ಹೀಗೆ ಹಾಡಿ, ಹೇಳಿ ಬದುಕಿಸಿಕೊಂಡ ಮೇಲೆ ಪುಸ್ತಕದವರು, ಸಿನಿಮಾದವರು ಬಂದರು. ನಮ್ಮಲ್ಲೂ ಹಾಗೇ ಆಯಿತು. 1857ರ ನವೆಂಬರಿನಲ್ಲಿ ಮುಧೋಳದ ಹತ್ತಿರದ ಹಲಗಲಿಯ ಬೇಡರು, ಆಯುಧ ಒಪ್ಪಿಸಿ ಅಂದ ಕಂಪನಿ ಸರ್ಕಾರಕ್ಕೆ ತಿರುಗಿಬಿದ್ದರು. ಅವರ ಕಥೆ ಉಳಿದದ್ದು ಲಾವಣಿಯಲ್ಲಿ. ಅದನ್ನು ಕೇಳಿ ಬರೆದು ಅಚ್ಚು ಹಾಕಿಸಿದವರು ಫ್ಲೀಟ್ ಅನ್ನುವ ಇಂಗ್ಲಿಷ್ ಅಧಿಕಾರಿ! ಕನ್ನಡ ಮೇಷ್ಟ್ರು ರಜೆ ಹಾಕಿದ ದಿನ ಹತ್ತನೇ ಕ್ಲಾಸಿಗೆ ಆ ಲಾವಣಿಯನ್ನು ನಾನೂ ಪಾಠ ಮಾಡಿದ್ದುಂಟು. ಹನುಮ, ಬಾಲ, ಜಡಗ, ರಾಮ ಅಂತ ನಾಲ್ಕು ಹೆಸರು ಬರುವಾಗ ಹಿಂದಿನ ಬೆಂಚಿನ ಹುಡುಗರೂ ತಲೆ ಎತ್ತುತ್ತಿದ್ದರು. ನಿಮ್ಮ ಮಗಳಿಗೆ ಈ ಎರಡನ್ನೂ ಒಟ್ಟಿಗೆ ಹೇಳಿ. ಅಲ್ಲಿ ಕಸಿದದ್ದು ಹೊಲ, ಇಲ್ಲಿ ಕಸಿದದ್ದು ಕತ್ತಿ.

ಕೊನೆಗೆ ಹುಲಿ ವಿಷಯ. ಭೀಮ್ ಹುಲಿ ಜೊತೆ ಸೆಣಸಿದ ಅನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಹುಲಿ ಇದ್ದ ಕಾಡು ಅದು, ಅಷ್ಟು ಖಂಡಿತ. ಮಗಳಿಗೆ ಬೇಜಾರಾದರೆ ಆ ಹೈದರಾಬಾದ್ ಪ್ರಯಾಣವನ್ನು ಹೇಳಿ ನೋಡಿ. ಸುಟ್ಟ ಗುಡಿಸಲನ್ನು ಹಿಂದೆ ಬಿಟ್ಟು, ಅರ್ಜಿ ಮಡಚಿಕೊಂಡು, ಊರು ಕಾಯುತ್ತಿದೆ ಅಂತ ರಾಜಧಾನಿಗೆ ಹೊರಟ ಮನುಷ್ಯ. ಅವಳು ಮುಂದಿನ ಪ್ರಶ್ನೆ ಕೇಳುತ್ತಾಳೆ. ಕೇಳಿದರೆ ನನಗೂ ಬರೆದು ಕಳಿಸಿ.